ಅಂಕಿತನಾಮದ ಅವಾಂತರಗಳು

ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು ನಾನು. ನದಿ, ಊರು, ಹುಡುಗ ಎಂಬಂಥವು ರೂಢನಾಮ. ತುಂಗಭದ್ರಾ, ಹಾವೇರಿ, ಬಸವರಾಜ ಎಂದು ಗುರುತಿಗೆ ಇಟ್ಟುಕೊಂಡವು ಅಂಕಿತನಾಮ ಎಂದು ವರ್ಷವರ್ಷವೂ ಹೇಳಿದ್ದೇನೆ. ಇಂಗ್ಲಿಷಿನವರು ಹೆಸರಿನ ತಲೆಗೆ ದೊಡ್ಡಕ್ಷರದ ರುಮಾಲು ಸುತ್ತುತ್ತಾರೆ, ದೂರದಿಂದಲೇ ಗೊತ್ತಾಗುತ್ತದೆ. ನಮ್ಮ ಕನ್ನಡದಲ್ಲಿ ಹೆಸರೂ ಮಾತೂ ಒಂದೇ ವೇಷದಲ್ಲಿ ಓಡಾಡುತ್ತವೆ. ಹೀಗಾಗಿ ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ, ಅದೂ ನಾನು ಇದ್ದಲ್ಲೇ.

೧. ಬಸವರಾಜ

"ಅಂಕಿತನಾಮ ಅಂದ್ರ ಒಬ್ಬನ್ನ ಗುರುತು ಹಿಡಿಯೂ ಹೆಸರು. ಈಗ ನೋಡ್ರಿ, ಬಸವರಾಜ..." ಎಂದೆ. ಅರ್ಧ ಕ್ಲಾಸು ಎದ್ದು ನಿಂತಿತು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಹಂಗಿದ್ರ ನಮ್ಮ ಜಿಲ್ಲಾದಾಗ ಬಸವರಾಜ ರೂಢನಾಮ ಏನ್ರಿ?"

ಇಂಗ್ಲಿಷ್ ಮಾಸ್ತರರ ಮುಂದೆ ಗೋಳು ತೋಡಿಕೊಂಡೆ. ಮನುಷ್ಯರ ಹೆಸರಿಗೆ ‘ದಿ’ ಹಚ್ಚಬಾರದು ಎಂದು ಹುಡುಗರ ಕಿವಿ ಹಿಂಡುತ್ತಿದ್ದವರು ಅವರು.

"ನನಗೂ ಅದ ತ್ರಾಸ ಇತ್ರಿ. ಈಗ ನನಗ ಬೇಕಾದವನ್ನ ‘ದಿ ಬಸವರಾಜ’ ಅಂತ ಕರಿಯಾಕತ್ತೇನಿ" ಎಂದರು.

"ಉಳಿದವ್ರು?"

"ಅವರೆಲ್ಲಾ ‘ಎ ಬಸವರಾಜ’."

೨. ನಮ್ಮೂರು

ನನ್ನ ಸ್ವಂತ ಊರು ಬ್ಯಾಡಗಿ. ನಮಗೆ ಅದು ಊರು, ಹೊರಗಿನವರಿಗೆ ಮೆಣಸಿನಕಾಯಿ. ಮೈಸೂರಿನಲ್ಲೊಮ್ಮೆ ಸೋಪು ಕೊಳ್ಳಲು ಕಿರಾಣಿ ಅಂಗಡಿಗೆ ಹೋದೆ. ನನ್ನ ಮಾತಿನ ಧಾಟಿ ಕೇಳಿ ಅಂಗಡಿಯವರು "ಯಾವೂರು ಸ್ವಾಮಿ?" ಎಂದರು.

"ಬ್ಯಾಡಗಿ."

ಒಳಗಿದ್ದ ಅವರ ಹೆಂಡತಿಗೆ ಅಷ್ಟೇ ಕೇಳಿಸಿತ್ತು. "ಕಡ್ಡಿನೋ ಡಬ್ಬಿನೋ ಕೇಳ್ರೀ" ಎಂದು ಕೂಗಿದರು. ಕಡ್ಡಿ ಎಂದರೆ ತೆಳ್ಳನೆಯ ಬ್ಯಾಡಗಿ ಕಾಯಿ, ಡಬ್ಬಿ ಎಂದರೆ ದಪ್ಪನೆಯದು.

ಅಂಗಡಿಯವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ಡಬ್ಬಿ ಕಣೇ!"

೩. ರಾಣಿ

ಮೋಟೆಬೆನ್ನೂರಿನಿಂದ ಬರುತ್ತಿದ್ದ ಗಣಿತದ ಮಾಸ್ತರರು ಹೆಡ್‌ಮಾಸ್ತರರ ಮುಂದೆ ನಿಂತು "ರಾಣಿ ಹಡದಾಳ್ರಿ ಸರ್, ಇವತ್ತೊಂದಿನ ರಜಾ ಬೇಕು" ಎಂದರು.

ಹೆಡ್‌ಮಾಸ್ತರರು ಹಿಗ್ಗಿದರು. "ಭಾಳ ಚಲೋ ಆತು! ಏನು ಕೂಸು?"

"ಹೆಣ್ಣರಿ."

"ಬಾಣಂತಿ ಆರಾಮ ಅದಾಳಿಲ್ಲೋ?"

"ಆರಾಮ ಅದಾಳ್ರಿ. ಹಿಂಡಿ ತಿಂದು ಮೆಲುಕು ಹಾಕಾಕತ್ತಾಳ."

ಹೆಡ್‌ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. "ಆಕಳೇನ್ರೀ? ಮತ್ತ ‘ಈದೈತಿ’ ಅನ್ನಬೇಕಲ್ರೀ!"

"ಆಕಳು ಈಯತೈತಿ ಸರ್. ರಾಣಿ ಹಡೀತಾಳ."

೪. ಸಾಕು

ಮನೆಮನೆಗೆ ಮೊಬೈಲು ಬರುತ್ತಿದ್ದ ಹೊಸತು. ನಮ್ಮಕ್ಕನ ಮಗ ಕುಮಾರಪಟ್ಟಣದಲ್ಲಿ ಕೆಲಸಕ್ಕಿದ್ದ. ಚಿನ್ನದಂಥ ಹುಡುಗ, ಬಾಯಿ ಮಾತ್ರ ಇಲ್ಲ. ಹಿಂದೆ ನೋಡಿದ ಸಂಬಂಧಗಳೆಲ್ಲ ಆ ಮೌನಕ್ಕೇ ಮುರಿದಿದ್ದವು. ಅಗಡಿಯ ಹುಡುಗಿಯ ಫೋಟೋ ನೋಡಿದ ಮೇಲೆ ಮಾತ್ರ "ಮಾಮಾ, ಈಕಿ ಒಲ್ಲೆ ಅಂದ್ರ ನಾ ಲಗ್ನನ ಆಗಂಗಿಲ್ಲ" ಎನ್ನುತ್ತಿದ್ದ.

ಹುಡುಗಿಯ ಹೆಸರು ಸಾಕವ್ವ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ‘ಇನ್ನು ಸಾಕವ್ವಾ’ ಎಂದು ದೇವಿಗೆ ಮೊರೆಯಿಟ್ಟು, ಅದನ್ನೇ ಕೂಸಿನ ಹೆಸರು ಮಾಡುತ್ತಾರೆ. ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ಅವಳನ್ನು ಮುದ್ದಿನಿಂದ ಕರೆಯುತ್ತಿದ್ದದ್ದು ಬರೀ ‘ಸಾಕು’.

ಹೆಣ್ಣು ನೋಡಲು ಅಗಡಿಗೆ ಹೋದೆವು. ಹುಡುಗಿ ಅವಲಕ್ಕಿ ತಂದಿಟ್ಟು ಕುಳಿತಳು. ಅವಳ ದೊಡ್ಡಪ್ಪ ನೇರವಾಗಿ ಕೇಳಿದರು: "ನಿನ್ನ ಮನಸ್ಸಿನ್ಯಾಗ ಏನೈತಿ, ಬಾಯಿಬಿಟ್ಟು ಹೇಳಪಾ."

ನಮ್ಮ ಹುಡುಗ ಬೆವರಿದ. ಇದ್ದಬಿದ್ದ ಧೈರ್ಯವನ್ನೆಲ್ಲ ಕೂಡಿಸಿ "ಸಾಕು" ಎಂದ.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಇಷ್ಟಕ್ಕ ಸಾಕಾತೇನು? ಇನ್ನೂ ಅವಲಕ್ಕಿ ಆರಿಲ್ಲ!"

"ಹಂಗಲ್ರೀ... ಸಾಕು ಬೇಕ್ರಿ!"

"ಸಾಕೋ, ಬೇಕೋ? ಒಂದು ಹೇಳು!"

ಹುಡುಗಿಯ ತಂದೆ ಟವೆಲ್ಲು ಕೊಡವಿ ಎದ್ದೇಬಿಟ್ಟರು. ನಮ್ಮ ಹುಡುಗನ ಕಣ್ಣಲ್ಲಿ ನೀರು. ನನ್ನ ಜನ್ಮದಲ್ಲಿ ವ್ಯಾಕರಣ ಕೆಲಸಕ್ಕೆ ಬಂದದ್ದು ಆವಾಗಲೇ.

"ವಿಭಕ್ತಿ ಪ್ರತ್ಯಯ ಹಚ್ಚಲೇ!" ಎಂದು ನಮ್ಮ ಹುಡುಗನಿಗೆ ಕೂಗಿ ಹೇಳಿದೆ. "ಹೆಸರಿಗೆ ಹತ್ತತೈತಿ, ಬರೇ ‘ಸಾಕು’ ಅನ್ನೂ ಮಾತಿಗೆ ಹತ್ತಂಗಿಲ್ಲ!"

"ನಾ ಸಾಕೂನ್ನ ಲಗ್ನ ಆಗ್ತೇನ್ರೀ! ಸಾಕೂಗ ಬೇಕಾದ್ದು ಕೊಡಸ್ತೇನ್ರೀ! ಸಾಕೂನ ಜೋಡೀನ ಇರ್ತೇನ್ರೀ!"

ಹೆದರಿಕೆಗೆ ದ್ವಿತೀಯಾ, ಚತುರ್ಥೀ, ಷಷ್ಠೀ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ್ದ. ಎದ್ದ ತಂದೆ ನಗುತ್ತ ಕುಳಿತರು. ನನಗೂ ಜೀವ ಬಂದಂತಾಯಿತು.

ದೊಡ್ಡಪ್ಪ ಹುಡುಗಿಯತ್ತ ತಿರುಗಿದರು. "ನೀ ಏನಂತೀಯವಾ?"

ಅವಳು ಸೆರಗು ಬಾಯಿಗೆ ಹಿಡಿದು "ಸಾಕ್ರಿ" ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. "ಮಾಸ್ತರ್ರ, ಇದು ಹೆಸರೋ, ಮಾತೋ?" ಎಂದರು ದೊಡ್ಡಪ್ಪ.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಬಿಡಿಸಿ ಹೇಳಿದಳು: "ನನಗ ಇವರೊಬ್ರು ಸಾಕ್ರಿ."