ತಲೆ-ಕುತ್ತಿಗೆ ಸರ್ಜನ್‌ಗೆ ನಮ್ಮ ಮನೆಯ ಊಟ

ಮಾತು ಕೆಲವರಿಗೆ ಹೊಟ್ಟೆಪಾಡು, ಕೆಲವರಿಗೆ ಚಟ. ನನ್ನ ಪಾಲಿಗೆ ಅದು ಎರಡೂ ಆಗಿದೆ. ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ, ಎರೆಹೊಲಗಳ ಮಧ್ಯದಲ್ಲಿ ಎದ್ದು ನಿಂತಿರುವ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ನಾನು ಆಡಳಿತಾಧಿಕಾರಿ. ಅಧಿಕಾರಿ ಎಂದೊಡನೆ ಯಾರೂ ಹೆದರಬೇಕಾಗಿಲ್ಲ. ಲಿಫ್ಟು ಅರ್ಧಕ್ಕೆ ನಿಂತರೆ, ಕ್ಯಾಂಟೀನಿನ ಸಾರಿಗೆ ಉಪ್ಪು ಹೆಚ್ಚಾದರೆ, ಹಾಸ್ಟೆಲಿನ ಹುಡುಗರ ಚಪ್ಪಲಿ ಕಳುವಾದರೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಬೇಕಲ್ಲ, ಆ ಮನುಷ್ಯನಿಗೆ ಕೊಟ್ಟ ಮರ್ಯಾದೆಯ ಹೆಸರು ಅದು. ಬೈಯಲು ಬಂದವರನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಚಹಾ ತರಿಸಿ, ಬಂದ ಕಾರಣವೇ ಅವರಿಗೆ ಮರೆತುಹೋಗುವಷ್ಟು ಮಾತಾಡಿ ಕಳಿಸುವುದು ನನ್ನ ದಿನನಿತ್ಯದ ಕೆಲಸ. ಮನೆಗೆ ಬಂದ ಮೇಲೂ ಅದೇ ವೇಗದಲ್ಲಿ ಒಂದಿಷ್ಟು ಹೊತ್ತು ಓಡುತ್ತಿರುತ್ತೇನೆ. ನನ್ನ ಹೆಂಡತಿ ಗಿರಿಜಾ ಒಮ್ಮೆ, "ನಿಮ್ಮ ಮಾತು ಮುಗಿಯೂದು ನಿಮಗ ದಣಿವಾದಾಗ ಅಲ್ರಿ, ಕೇಳೋರು ಎದ್ದು ಹೋದಾಗ" ಎಂದಳು. ಎಂದವಳೇ ಎದ್ದು ಹೋದಳು.

ಇಂಥ ನನ್ನ ಮಾತಿಗೂ ಜಗ್ಗದ ಒಂದು ಖಾಲಿ ಕುರ್ಚಿ ನಮ್ಮ ಆಸ್ಪತ್ರೆಯಲ್ಲಿತ್ತು. ಅದು ತಲೆ ಮತ್ತು ಕುತ್ತಿಗೆಯ ಸರ್ಜನ್ ಕೂಡಬೇಕಾದ ಪ್ರೊಫೆಸರ್ ಕುರ್ಚಿ. ಅವರು ತಲೆನೋವಿನ ಡಾಕ್ಟರಲ್ಲ, ದಿಂಬು ಸರಿಯಾಗದೆ ಕುತ್ತಿಗೆ ಹಿಡಿದರೆ ನೋಡುವವರೂ ಅಲ್ಲ ಎಂದು ನಮ್ಮ ಅಧ್ಯಕ್ಷರಿಗೆ ತಿಳಿಹೇಳಲು ಒಂದಿಡೀ ಸಂಜೆ ಹಿಡಿಯಿತು. ಬಾಯಿ, ನಾಲಿಗೆ, ಕೆನ್ನೆ, ಗಂಟಲುಗಳಲ್ಲಿ ಬರುವ ಕ್ಯಾನ್ಸರ್ ಗಡ್ಡೆಗಳನ್ನು ತೆಗೆಯುವವರು ಅವರು. ನಮ್ಮ ಸೀಮೆಯಲ್ಲಿ ಗುಟಕಾ, ತಂಬಾಕು ಜಗಿಯದ ಬಾಯಿ ಹುಡುಕಬೇಕೆಂದರೆ ತೊಟ್ಟಿಲಿಗೇ ಹೋಗಬೇಕು. ಬಾಯಲ್ಲಿ ಹುಣ್ಣು ಎಂದು ಬಂದವರಿಗೆ ನಾವು ದೊಡ್ಡ ಊರಿನ ದಾರಿ ತೋರಿಸುತ್ತಿದ್ದೆವು. ಅದರಲ್ಲಿ ಎಷ್ಟು ಜನ ನಿಜವಾಗಿ ಅಲ್ಲಿಗೆ ತಲುಪಿದರು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು. ಇತ್ತ ನಮ್ಮ ವಿದ್ಯಾರ್ಥಿಗಳು ಆ ಆಪರೇಷನ್‌ಗಳನ್ನು ಮೊಬೈಲಿನಲ್ಲಿ ನೋಡಿ ಕಲಿಯುತ್ತಿದ್ದರು. ಕತ್ತಿ ಹಿಡಿಯುವ ಕೈಯೂ ಬೇಕು, ಕಲಿಸುವ ಬಾಯಿಯೂ ಬೇಕು. ಅಂಥವರು ಎರೆಮಣ್ಣಿನ ಈ ಸೀಮೆಗೆ ಬರಲೂ ಬೇಕು. ಯರಗುಪ್ಪಿಯ ಕಡೆ ದೊಡ್ಡ ಒಕ್ಕಲುತನವಿರುವ ನಮ್ಮ ಅಧ್ಯಕ್ಷರು ನೇರ ಮಾತಿನವರು. "ಸಾಹೇಬ್ರ, ಎತ್ತು ತರಾಕ ಹೋದ್ರೂ ಮನಶ್ಯಾ ಎರಡ ಸಂತ್ಯಾಗ ತರ್ತಾನ. ನೀವು ಒಬ್ಬ ಡಾಕ್ಟರನ್ನ ತರವಲ್ರಿ" ಎಂದರು. ನಮ್ಮಲ್ಲಿಗೆ ಬರುತ್ತೀಯೋ ಇಲ್ಲವೋ ಎಂದು ಎತ್ತನ್ನು ಯಾರೂ ಕೇಳುವುದಿಲ್ಲ ಎಂದು ಹೇಳಬೇಕೆನಿಸಿತು. ಸಂಬಳ ಕೊಡುವವರ ಮುಂದೆ ಮಾತ್ರ ನನ್ನ ಮಾತು ಕಡಿಮೆಯಾಗುತ್ತದೆ.

ಹಾಗೆಂದು ಯಾರೂ ಬಂದೇ ಇರಲಿಲ್ಲವೆಂದಲ್ಲ. ಇಬ್ಬರು ಬಂದಿದ್ದರು. ಇಬ್ಬರನ್ನೂ ನಾನು ಗೇಟಿನಿಂದ ಆಪರೇಷನ್ ಕೋಣೆಯವರೆಗೆ ಮಾತಿನಲ್ಲೇ ಹೊತ್ತು ನಡೆದಿದ್ದೆ. ಇಬ್ಬರೂ ಹೂಂ ಎಂದು ತಲೆಯಾಡಿಸಿದ್ದರು. ಕೆಟ್ಟದ್ದು ಊಟದಲ್ಲಿ. ಹತ್ತಿರದಲ್ಲಿ ಹೇಳಿಕೊಳ್ಳುವಂಥ ಹೋಟೆಲ್ ಇಲ್ಲವಾದ್ದರಿಂದ ಬಂದ ಡಾಕ್ಟರಿಗೆ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಗಿರಿಜಾ ಮಿಶ್ರಿಕೋಟಿಯ ಹೆಣ್ಣು, ನವಲಗುಂದದ ಹೈಸ್ಕೂಲಿನಲ್ಲಿ ಟೀಚರು. ಆಕೆಯ ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ ಉಂಡವರು ಇನ್ನೊಂದು ಜನ್ಮಕ್ಕೂ ಇಲ್ಲೇ ಹುಟ್ಟುತ್ತೇವೆ ಅನ್ನಬೇಕು. ಆದರೆ ಆಕೆ ರೊಟ್ಟಿಯ ಜೊತೆಗೆ ಸತ್ಯವನ್ನೂ ಬಡಿಸುತ್ತಾಳೆ. ಮೊದಲನೆಯವರು, "ಕ್ವಾರ್ಟರ್ಸ್‌ಗೆ ನೀರಿನ ಅನುಕೂಲ ಹೇಗೆ?" ಎಂದು ಸುಮ್ಮನೆ ಕೇಳಿದರು. "ವಾರಕ್ಕೊಮ್ಮೆ ಬರ್ತಾವ್ರಿ. ಬಂದ ದಿನಾ ನೀವು ರಜಾ ಹಾಕಬೇಕಾಗ್ತೈತಿ" ಎಂದಳು. ಎರಡನೆಯವರು ಏನೂ ಕೇಳಲೇ ಇಲ್ಲ. ಪಾಪ, ಕೇಳದವರಿಗೂ ತಿಳಿದಿರಲಿ ಎಂದು, ಬೆಣ್ಣಿಹಳ್ಳ ತುಂಬಿ ಬಂದರೆ ರಸ್ತೆ ಬಂದಾಗುವುದನ್ನೂ, ಮಳೆಗಾಲದಲ್ಲಿ ಎರೆಮಣ್ಣು ಕಾಲಿನ ಚಪ್ಪಲಿಯನ್ನು ಹಿಡಿದಿಟ್ಟುಕೊಳ್ಳುವುದನ್ನೂ ವಿವರಿಸಿದಳು. ಅವರು ಮೊಸರನ್ನಕ್ಕೂ ನಿಲ್ಲಲಿಲ್ಲ.

ಆದ್ದರಿಂದ ಮೂರನೆಯವರು, ಡಾ. ಮಾಲಿನಿ ಎಂಬವರು, ಬರುತ್ತಾರೆಂದಾದಾಗ ನಾನು ಮೊದಲು ಮಾಡಿದ ಸಿದ್ಧತೆ ಮನೆಯಲ್ಲಿ. ತುಮಕೂರಿನ ಕಡೆಯವರು, ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಮಾಡಿದವರು, ಪಾಠ ಮಾಡಿದರೆ ಹುಡುಗರು ಗಡಿಯಾರ ನೋಡುವುದಿಲ್ಲವಂತೆ. ಮಧ್ಯಾಹ್ನ ನಮ್ಮಲ್ಲಿ ಊಟ, ಆಮೇಲೆ ವಿದ್ಯಾರ್ಥಿಗಳಿಗೂ ಆಯ್ಕೆ ಸಮಿತಿಗೂ ಅವರದೊಂದು ಮಾದರಿ ಪಾಠ ಎಂದು ನಿಗದಿಯಾಗಿತ್ತು. ನಾನು ಗಿರಿಜೆಗೆ ಮೆಲ್ಲಗೆ, "ನೀರು, ಕರೆಂಟು, ರಸ್ತಾ, ಈ ಮೂರ ವಿಷಯ ಬಿಟ್ಟು ಬೇಕಾದ್ದು ಮಾತಾಡು" ಎಂದೆ. ಆಕೆ ಲಟ್ಟಣಿಗೆ ಕೆಳಗಿಟ್ಟು ನನ್ನನ್ನು ನೋಡಿದಳು. "ನನಗ ಅರ್ಧಾ ಬಾಯಿ ಮುಚ್ಚಾಕ ಬರೂದಿಲ್ರಿ. ಮುಚ್ಚಿದ್ರ ಪೂರಾ ಮುಚ್ತೀನಿ" ಎಂದಳು. ಇಷ್ಟು ಸುಲಭವಾಗಿ ಕೆಲಸವಾಯಿತಲ್ಲ ಎಂದು ನಾನು ಹಿಗ್ಗಿದೆ. ಇಷ್ಟು ವರ್ಷ ಸಂಸಾರ ಮಾಡಿದವನು ಹಿಗ್ಗಬಾರದಿತ್ತು.

ಡಾ. ಮಾಲಿನಿ ಬಂದರು. ನಲವತ್ತರ ಆಸುಪಾಸಿನ, ತೆಳ್ಳಗಿನ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಗಿರಿಜಾ ಬಾಗಿಲಲ್ಲಿ ಕೈಮುಗಿದು ನಕ್ಕಳು. ನೀರು ಕೊಟ್ಟಳು, ಚಾಪೆ ಹಾಸಿದಳು, ತಾಟು ಇಟ್ಟಳು. ಒಂದು ಮಾತಿಲ್ಲ. ನಮ್ಮ ಕಡೆ ಬೀಗರಿಗೆ ಊಟ ಕೊಟ್ಟರೂ ಸರಿ, ಸಾಲ ಕೇಳಲು ಬಂದವರಿಗೆ ಕೊಟ್ಟರೂ ಸರಿ, ಬಡಿಸುವವರು "ಇನ್ನೊಂದ್ ರೊಟ್ಟಿ ಹಾಕ್ಕೋರಿ" ಎಂದು ಒತ್ತಾಯ ಮಾಡದಿದ್ದರೆ ಆ ಊಟ ಊಟವೇ ಅಲ್ಲ. ಗಿರಿಜಾ ರೊಟ್ಟಿ ಹಿಡಿದು ಡಾಕ್ಟರ ಮುಂದೆ ನಿಂತು ಹುಬ್ಬಿನಲ್ಲೇ ಒತ್ತಾಯ ಮಾಡತೊಡಗಿದಳು. ಆ ಮೌನವನ್ನು ತುಂಬಲು ನಾನು ಇಬ್ಬರ ಪಾಲಿನ ಮಾತನ್ನೂ ಆಡಬೇಕಾಯಿತು. ರೊಟ್ಟಿಯ ಮಹಿಮೆ, ಶೇಂಗಾ ಹಿಂಡಿಯ ಖಾರ, ಆಸ್ಪತ್ರೆಯ ಭವಿಷ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಡಾಕ್ಟರು ನನ್ನ ಮಾತು ಕೇಳುತ್ತಾ ಗಿರಿಜೆಯನ್ನೇ ನೋಡುತ್ತಿದ್ದರು.

"ಅಮ್ಮ, ಮಾತಾಡೋದಕ್ಕೆ ಕಷ್ಟವಾಗ್ತಿದೆಯಾ?" ಎಂದು ಕೇಳಿಯೇಬಿಟ್ಟರು.

ಗಿರಿಜಾ ನನ್ನತ್ತ ಕೈ ತೋರಿಸಿದಳು. ನಿಜ ಹೇಳಲು ಅದೊಂದು ಒಳ್ಳೆಯ ಅವಕಾಶವಾಗಿತ್ತು. ಆದರೆ ನನ್ನ ನಾಲಿಗೆ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ. "ಗಂಟಲಿಗೆ ಸ್ವಲ್ಪ ತ್ರಾಸ್ ಆಗೇತ್ರಿ" ಎಂದೆ. ಎಷ್ಟು ದಿನದಿಂದ ಎಂದು ಕೇಳಿದರು. ಬೆಳಿಗ್ಗೆಯಿಂದ ಎನ್ನಲು ನಾಚಿಕೆಯಾಗಿ ಒಂದು ತಿಂಗಳಿನಿಂದ ಎಂದೆ. ಅವರು ತಾಟು ಪಕ್ಕಕ್ಕೆ ಸರಿಸಿದರು. ತೂಕ ಇಳಿದಿದೆಯಾ? ಸ್ವಲ್ಪ ಇಳಿದಿದೆ ಎಂದೆ. ಗಿರಿಜಾ ಅಷ್ಟು ಕೋಪದಲ್ಲೂ ಒಂದು ಕ್ಷಣ ಸಂತೋಷಪಟ್ಟಂತೆ ಕಂಡಳು. ನುಂಗುವಾಗ ನೋವಿದೆಯಾ? ಬಹಳ ಇದೆ ಎಂದೆ. ಅದೇ ಹೊತ್ತಿಗೆ, ಬಡಿಸಿ ಮುಗಿಸಿ, ಬಿಸಿ ಆರುತ್ತದೆಂದು ನಮ್ಮ ಜೊತೆಗೇ ಊಟಕ್ಕೆ ಕುಳಿತಿದ್ದ ಆಕೆ ಅರ್ಧ ಬದನೆಕಾಯಿಯನ್ನು ಸುತ್ತಿದ್ದ ದೊಡ್ಡ ತುತ್ತೊಂದನ್ನು ಸಲೀಸಾಗಿ ನುಂಗಿದಳು. ಊರಲ್ಲಿ ಎಷ್ಟೋ ಜನರ ಮುಂದೆ ಎಷ್ಟೋ ಸುಳ್ಳು ಹೇಳಿ ದಕ್ಕಿಸಿಕೊಂಡವನು ನಾನು. ಗಂಟಲಿನ ಸುಳ್ಳನ್ನು ಗಂಟಲಿನ ಡಾಕ್ಟರ ಮುಂದೆಯೇ ಹೇಳುವ ಬುದ್ಧಿ ಅಂದು ನನಗೆಲ್ಲಿಂದ ಬಂತೋ.

ಡಾಕ್ಟರು ಕೈತೊಳೆದು ಬಂದು ಬ್ಯಾಗಿನಿಂದ ಸಣ್ಣ ಟಾರ್ಚು ತೆಗೆದರು. "ಬಾಯಿ ತೆಗೀರಿ ಅಮ್ಮ. ಆ ಅನ್ನಿ."

ಗಿರಿಜಾ "ಆ" ಎಂದಳು. ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ಮೈಕಿಲ್ಲದ ದಿನ ಮೈದಾನದ ಕೊನೆಯ ಸಾಲಿಗೂ ಕೇಳಿಸುವ ಗಂಟಲು ಅದು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಡಾಕ್ಟರು ಟಾರ್ಚು ಆರಿಸಿ ನನ್ನ ಮುಖ ನೋಡಿದರು.

"ನನ್ನ ಗಂಟಲಿಗೆ ಏನೂ ಆಗಿಲ್ರಿ ಅಕ್ಕಾರ. ಇವ್ರ ನನ್ನ ಬಾಯಿ ಮುಚ್ಚಿಸ್ಯಾರ" ಎಂದಳು ಗಿರಿಜಾ. ಆಮೇಲೆ ಕಟ್ಟಿಟ್ಟಿದ್ದೆಲ್ಲ ಹೊರಗೆ ಬಂತು. ನೀರು ಬಂತು, ಕರೆಂಟು ಹೋಯಿತು, ಬೆಣ್ಣಿಹಳ್ಳ ತುಂಬಿ ಹರಿಯಿತು. ಅಧ್ಯಕ್ಷರು ಡಾಕ್ಟರಿಗೂ ಎತ್ತಿಗೂ ಹಲ್ಲು ನೋಡಿಯೇ ಬೆಲೆ ಕಟ್ಟುತ್ತಾರೆಂಬುದೂ ಬಂತು. "ಆದ್ರ ಖರೇ ಹೇಳ್ತೀನ್ರಿ, ಮಂದಿ ಚೊಲೋ ಅದಾರ. ನಾ ದಿನಾ ಬಸ್ಸಿನ್ಯಾಗ ನೋಡ್ತೀನಿ, ಬಾಯಿ ಹುಣ್ಣಾದವರು ಗಲ್ಲಕ್ಕ ಟಾವೆಲ್ ಒತ್ಕೊಂಡು ಕೂತಿರ್ತಾರ. ದೂರದ ಊರಿಗೆ ಹೋಗಾಕ ಅಂಜಿ ಮನ್ಯಾಗ ಕುಂದರ್ತಾರ. ಅವರ ಸಲುವಾಗಿ ಬರ್ರಿ. ಇವರ ಮಾತು ಕೇಳಿ ಬರಬ್ಯಾಡ್ರಿ" ಎಂದಳು. ಅದನ್ನು ಹೇಳುವಾಗ ಆಕೆಯ ಕಣ್ಣು ತುಂಬಿದ್ದನ್ನು ನಾನು ಕಂಡೆ. ಇಷ್ಟು ದಿನ ಮಾತಾಡಿ ಮಾತಾಡಿ ನಾನು ಹೇಳದೇ ಬಿಟ್ಟಿದ್ದ ಮಾತು ಅದೊಂದೇ.

ಡಾ. ಮಾಲಿನಿ ನಕ್ಕರು. "ನೀರಿನ ವಿಷಯ ಗೊತ್ತಿತ್ತು. ಮೊದಲು ಬಂದು ಹೋದ ಇಬ್ಬರೂ ನನ್ನ ಪರಿಚಯದವರೇ. ಎಣ್ಣೆಗಾಯಿ ತಪ್ಪಿಸಬೇಡಿ, ಆ ಮನೆಯ ಅಮ್ಮ ಮಾತ್ರ ತುಂಬಾ ಮಾತಾಡ್ತಾರೆ ಅಂತ ಹೇಳಿಯೇ ಕಳಿಸಿದ್ದರು. ಅಷ್ಟು ಮಾತಾಡೋರು ಇದ್ದಕ್ಕಿದ್ದಂತೆ ಸುಮ್ಮನಾದರೆ ನಮ್ಮಂಥವರಿಗೆ ಭಯವಾಗುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಗದೆ ಕೇಳಿದರು: "ನಿಮ್ಮ ದನಿ ಎಷ್ಟು ದಿನದಿಂದ ಹೀಗೆ ಒಡೆದಿದೆ ಸರ್?"

ನನ್ನ ದನಿ ಒಡೆದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲೂ ಕಿವಿ-ಮೂಗು-ಗಂಟಲಿನ ಡಾಕ್ಟರುಗಳಿದ್ದಾರೆ. ಆದರೆ ನಾನು ಬಾಯಿ ತೆರೆದೊಡನೆ ಅವರು ರೌಂಡ್ಸ್ ನೆಪ ಹೇಳಿ ಹೊರಟುಬಿಡುತ್ತಾರೆ. ಪೂರ್ತಿ ಕೂತು ಕೇಳಿದವರು ಇವರೊಬ್ಬರೇ. ಗಿರಿಜಾ, "ಎರಡು ತಿಂಗಳ ಮ್ಯಾಲಾತ್ರಿ. ನಾ ಹೇಳಿದ್ರ ಥಂಡಿ ಅಂತಾರ" ಎಂದಳು. ಇದನ್ನು ನೋಡಲೇಬೇಕು, ಇವತ್ತೇ ನೋಡೋಣ ಎಂದರು ಡಾಕ್ಟರು. ಒಂದು ಕ್ಷಣ ತಡೆದು, "ನಿಮ್ಮ ಒಪ್ಪಿಗೆ ಇದ್ದರೆ ವಿದ್ಯಾರ್ಥಿಗಳ ಎದುರಿಗೇ ನೋಡುತ್ತೇನೆ. ನನ್ನ ಪಾಠವೂ ಆಗುತ್ತೆ" ಎಂದರು. ಡಾಕ್ಟರು ಸಿಗುವುದಾದರೆ ಗಂಟಲೇನು, ತಲೆಯನ್ನೇ ಕೊಡುವ ಸ್ಥಿತಿಯಲ್ಲಿದ್ದೆ. ಒಪ್ಪಿದೆ.

ಹೀಗೆ ಆ ಮಧ್ಯಾಹ್ನ ಆಯ್ಕೆ ಸಮಿತಿಯ ಸಾಲಿನಲ್ಲಿ ಕೂಡಬೇಕಾದವನು ರೋಗಿಯ ಕುರ್ಚಿಯಲ್ಲಿ ಕುಳಿತೆ. ಮೂಗಿಗೆ ಮರಗಟ್ಟಿಸುವ ಔಷಧಿ ಬಿಟ್ಟು, ತೆಳುವಾದ ಕ್ಯಾಮೆರಾ ನಳಿಕೆ ಇಳಿಸಿದರು. ಗೋಡೆಯಷ್ಟು ಅಗಲದ ಪರದೆಯ ಮೇಲೆ ನನ್ನ ಗಂಟಲು ಕಾಣಿಸಿತು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು ಕನ್ನಡಕ ಏರಿಸಿ, "ಇಷ್ಟು ಸಣ್ಣ ಸಂದ್ಯಾಗಿಂದ ಅಷ್ಟ್ ಮಾತು ಬರ್ತಾವೇನ್ರಿ?" ಎಂದರು. ಹುಡುಗರು ನಕ್ಕರು. ಆದರೆ ಡಾಕ್ಟರು ಕಡ್ಡಿಯಿಂದ ಪರದೆ ಮುಟ್ಟಿ, "ಇಲ್ಲಿ ನೋಡಿ, ದನಿಯ ತಂತುಗಳ ಎರಡೂ ಕಡೆ ಒಂದೊಂದು ಗಂಟು. ಇದೇನಿರಬಹುದು?" ಎಂದಾಗ ನಗು ನಿಂತಿತು. ಗಂಟು ಎಂದರೆ ಗಡ್ಡೆಯೇ ಎಂದುಕೊಂಡೆ. ಹಿಂದಿನ ಬೆಂಚಿನಲ್ಲಿದ್ದ ಗಿರಿಜೆಯ ಕಡೆ ಕಣ್ಣು ಹೊರಳಿಸಿದೆ. ಸೆರಗು ಬಾಯಿಗೊತ್ತಿಕೊಂಡು ಕುಳಿತಿದ್ದಳು. ಯಾರೂ ಹೇಳದೆಯೇ ಆಕೆ ಸುಮ್ಮನಾದದ್ದನ್ನು ನಾನು ಅಂದೇ ಮೊದಲು ಕಂಡದ್ದು. ಆಕೆ ಮಾತಾಡದ ಮನೆಯಲ್ಲಿ ನಾನು ಒಂದು ದಿನವೂ ಬಾಳಲಾರೆ ಎಂದು ಆಗ ಅನಿಸಿತು.

ಒಬ್ಬ ಹುಡುಗಿ ಎದ್ದು ನಿಂತು, ಬಹಳ ಮಾತಾಡುವವರಿಗೆ ಬರುವ ಗಂಟು ಇರಬಹುದೇ ಎಂದು ಅಂಜುತ್ತಾ ಹೇಳಿದಳು. ಯಾಕೆ ಹಾಗನ್ನುತ್ತೀ, ಕ್ಯಾನ್ಸರ್ ಯಾಕಲ್ಲ, ಎಂದು ಡಾಕ್ಟರು ಬೆನ್ನು ಹತ್ತಿದರು. ನನ್ನ ಮೂಗಿನಲ್ಲಿ ನಳಿಕೆ ಇರುವುದನ್ನು ಮರೆತು ಇಡೀ ತರಗತಿ ವಾದಕ್ಕಿಳಿಯಿತು. ಕೊನೆಗೆ ಡಾಕ್ಟರು ನನ್ನ ಭುಜ ತಟ್ಟಿ, "ಹುಡುಗಿ ಹೇಳಿದ್ದೇ ಸರಿ. ಹೆದರಬೇಡಿ" ಎಂದರು. ಅಪ್ಪಣೆಯೂ ಆಯಿತು: ಕೆಲವು ವಾರ ಪೂರ್ತಿ ಮೌನ, ಪಿಸುಮಾತು ಕೂಡ ಬೇಡ. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪಾಠಕ್ಕೋ ಅಪ್ಪಣೆಗೋ ಗೊತ್ತಾಗಲಿಲ್ಲ.

ಸಂಬಳ, ಕ್ವಾರ್ಟರ್ಸ್‌ಗಳ ಮಾತುಕತೆ ನಡೆಸಬೇಕಾದ ನನ್ನ ಬಾಯಿಗೇ ಬೀಗ ಬಿತ್ತು. ನನ್ನ ಪರವಾಗಿ ಗಿರಿಜಾ ಕುಳಿತಳು. "ದೊಡ್ಡ ನೀರಿನ ಟಾಕಿ ಕಟ್ಟಸ್ರಿ, ಆಮ್ಯಾಲ ಕರೀರಿ" ಎಂದು ಅಧ್ಯಕ್ಷರಿಗೇ ಹೇಳಿದಳು. ಅವರು "ಹೌದ್ ಬಿಡವಾ" ಎಂದು ಒಪ್ಪಿದರು. ನನ್ನ ಮೌನ ಮುಗಿಯುವ ಮೊದಲೇ ಟಾಕಿ ಎದ್ದಿತು. ಅದರ ಹಿಂದೆಯೇ ಡಾ. ಮಾಲಿನಿ ಬಂದರು. ಈಗ ಅವರ ರೌಂಡ್ಸ್ ಹಿಂದೆ ಹುಡುಗರ ಸಾಲೇ ಹೋಗುತ್ತದೆ.

ಮೊನ್ನೆ ಗಂಟಲು ತೋರಿಸಲು ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಬಾಜುವಿನಲ್ಲಿ ತಿರ್ಲಾಪುರದ ಒಬ್ಬ ಹಿರಿಯರು ಬಂದು ಕುಳಿತರು. ನನಗೆ ಎಲ್ಲೋ ನೋಡಿದ ಮುಖ. ಮಾತಾಡಿಸಿದರು, ಮೌನದ ಅಪ್ಪಣೆ ಇನ್ನೂ ಇದ್ದುದರಿಂದ ನಾನು ಗಂಟಲು ಮುಟ್ಟಿ ಕೈಯಾಡಿಸಿದೆ. ಅವರ ಮುಖ ಮೆತ್ತಗಾಯಿತು. "ನಿಮಗೂ ಅದ ಏನ್ರಿ? ಅಂಜಬ್ಯಾಡ್ರಿ. ನಂದು ಗಲ್ಲದಾಗಿನ ಹುಣ್ಣು. ಇನ್ನೂ ಕೈ ಮೀರಿಲ್ಲ, ತಗದ ಬಿಡೂಣು ಅಂದಾರ ಡಾಕ್ಟರಮ್ಮ. ಬಸ್ಸಿನ್ಯಾಗ ನವಲಗುಂದದ ಸಾಲಿ ಕಲಸೂ ಅಕ್ಕಾರೊಬ್ರು ಹೇಳಿದ್ರು, ಬಂದ್ನಿ" ಎಂದು ನನ್ನ ತೊಡೆಯ ಮೇಲೆ ಕೈಯಿಟ್ಟರು. ಆಮೇಲೆ ದನಿ ತಗ್ಗಿಸಿ, "ಮೊದಲೂ ಒಮ್ಮೆ ಬಂದಿದ್ನಿ ನೋಡ್ರಿ. ಆಗ ಇಲ್ಲೊಬ್ಬ ಸಾಹೇಬ ಇದ್ದ. ಕುಂದರಿಸಿ, ಚಾ ಕುಡಿಸಿ, ದೊಡ್ಡ ಊರಿನ ದವಾಖಾನಿ ಹಾಂಗೈತಿ ಹೀಂಗೈತಿ ಅಂತ ಒಂದ ಸಮನ ಮಾತಾಡಿದ. ಮನಶ್ಯಾ ಕೆಟ್ಟಾಂವಲ್ಲ. ಆದ್ರ ಅವನ ಮಾತು ಮುಗಿಯೂದ್ರಾಗ ನನ್ನ ಧೈರ್ಯನ ಮುಗದು ಹೋತು. ಸೀದಾ ಊರಿನ ಬಸ್ ಹತ್ತಿದ್ನಿ" ಎಂದರು.

ಅವರು ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ, "ಆ ಸಾಹೇಬ ಇನ್ನೂ ಇಲ್ಲೇ ಅದಾನೇನ್ರಿ?" ಎಂದು ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ.