ಒಶಾವಾದವರ ಜೊತೆ ಕಪ್ ಮ್ಯಾಚು

ಫುಟ್‌ಬಾಲ್ ಸೀಸನ್ ಶುರುವಾಗುವ ಮುಂಚೆ ಕೆನಡಾದ ಮಿಸಿಸಾಗಾದಲ್ಲಿದ್ದ ನಮ್ಮ ಕ್ಲಬ್ಬು ಪ್ರತಿ ವರ್ಷ ಒಂದು ಕಪ್ ಮ್ಯಾಚ್ ಇಡುತ್ತಿತ್ತು. ಆಡಲು ಬರುತ್ತಿದ್ದವರು ಒಶಾವಾ ಎಂಬ ಊರಿನ ಒಂದು ತಂಡ. ತೊಂಬತ್ತರ ದಶಕದಿಂದ ಎಷ್ಟೋ ವರ್ಷ ನಾನೂ ಆಡಿದೆ. ಏನೇ ತಯಾರಿ ಮಾಡಿಕೊಂಡರೂ ಏನಾದರೊಂದು ಎಡವಟ್ಟಾಗದೆ ಮ್ಯಾಚ್ ಮುಗಿದದ್ದೇ ಇಲ್ಲ.

ಮಂಕಿ ಕ್ಯಾಪು

ಒಂದು ವರ್ಷ ಏಪ್ರಿಲ್ ಕೊನೆಯಾದರೂ ಲೇಕ್ ಕಡೆಯಿಂದ ಕೊರೆಯುವ ಗಾಳಿ. ನಮ್ಮ ಗೋಲ್‌ಕೀಪರ್ ಹುಬ್ಬಳ್ಳಿಯವರು, ಕೆನಡಾಕ್ಕೆ ಹೊಸಬರು. ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು ಸುತ್ತಿಕೊಂಡು ನಿಂತಿದ್ದರು. ಆಟ ಶುರುಮಾಡಲು ರೆಫರಿ ಸೀಟಿ ಊದಿದಾಗ ಅವರು ಬೆನ್ನು ತಿರುಗಿಸಿ ಗೋಲಿನ ಬಲೆ ಸರಿಮಾಡುತ್ತಿದ್ದರು. ಮೊದಲ ಗೋಲು ಅವರ ಪಕ್ಕದಿಂದಲೇ ಹೋಯಿತು.

"ಸೀಟಿ ಕೇಳಿಸಲಿಲ್ಲವಾ?" ಅಂದೆ.

"ಈ ಟೊಪಗಿ ಹಾಕ್ಕೊಂಡ್ರ ನನ್ನ ಹೆಂಡ್ತಿ ಬೈಯೋದ ಕೇಳ್ಸಂಗಿಲ್ರೀ. ಇಂವನ ಪೀಪಿ ಎಲ್ಲಿ ಕೇಳ್ಬೇಕು?"

ನೀಲಿ ಜರ್ಸಿ

ಇನ್ನೊಂದು ವರ್ಷ ಎರಡೂ ತಂಡ ನೀಲಿ ಜರ್ಸಿಯಲ್ಲೇ ಬಂದವು. ನಾವು ನಮ್ಮದನ್ನು ಒಳಗು ಹೊರಗು ಮಾಡಿ ಹಾಕಿಕೊಂಡೆವು. ಜರ್ಸಿಯ ಒಳಮೈಯೂ ನೀಲಿಯೇ! ನಮ್ಮ ಗೋಲಿನ ಹತ್ತಿರ ಒಬ್ಬರು ಕೈ ಎತ್ತಿ ನಿಂತಿದ್ದರು. ನಮ್ಮವರೇ ಅಂದುಕೊಂಡು ಜನ್ಮದಲ್ಲೇ ಕೊಡದಂಥ ಒಳ್ಳೇ ಪಾಸ್ ಕೊಟ್ಟೆ. ಅವರು ನೆಟ್ಟಗೆ ನಮ್ಮ ಗೋಲಿಗೇ ಹೊಡೆದರು.

ಮನೆಗೆ ಬರುವಾಗ ಕಾರಿನಲ್ಲಿ ಮಗಳು ಸಮಾಧಾನ ಹೇಳಿದಳು: "ಇಟ್ಸ್ ಓಕೆ ಅಪ್ಪಾ. ಯು ಜಸ್ಟ್ ಪಾಸ್ಡ್ ಇಟ್ ಟು ದ ರಾಂಗ್ ಅಂಕಲ್."

ಅವಲಕ್ಕಿ

ಒಮ್ಮೆ ಗೆದ್ದೇಬಿಟ್ಟೆವು ಅನ್ನುವಷ್ಟರಲ್ಲಿ ಕೊನೆಯ ಪೆನಾಲ್ಟಿಯಲ್ಲಿ ಸೋತೆವು. ಎಲ್ಲರ ಮುಖವೂ ಇಳಿದಿತ್ತು. ಒಶಾವಾದ ಕ್ಯಾಪ್ಟನ್, ಆರಡಿ ಆಳು, ಕಪ್ ಇಸಕೊಂಡು ಮುತ್ತಿಟ್ಟು ತಲೆಯ ಮೇಲಕ್ಕೆ ಎತ್ತಿದ. ಕಪ್ ವಾಲಿತು, ಮುಚ್ಚಳ ಬಿತ್ತು, ಹಿಂದೆಯೇ ಹಚ್ಚಿದ ಅವಲಕ್ಕಿ ಅವನ ತಲೆ, ಹೆಗಲ ಮೇಲೆಲ್ಲ ಸುರಿಯಿತು. ಕಿವಿಯ ಮೇಲೊಂದು ಕರಿಬೇವಿನೆಲೆ.

ಆಟ ಮುಗಿದ ಮೇಲೆ ಎಲ್ಲರಿಗೂ ತಿನ್ನಲು ಅವಲಕ್ಕಿ ಮಾಡಿ ತಂದಿದ್ದವಳು ನನ್ನ ಹೆಂಡತಿ, ಧಾರವಾಡದವಳು. ನಿಧಾನವಾಗಿ ಹೇಳಿದಳು: "ತಂದ ಟ್ರೇ ಹರೀತು. ಅಷ್ಟು ದೊಡ್ಡ ಪಾತ್ರಿ ಖಾಲಿ ಇತ್ತು, ತೊಳದು ಅದಕ್ಕ ಹಾಕಿದ್ದೆ."

ನಾನು ಕ್ಷಮೆ ಕೇಳಲು ಓಡಿದೆ. ಅಷ್ಟರಲ್ಲಿ ಕ್ಯಾಪ್ಟನ್ ತುಟಿಗೆ ಅಂಟಿದ್ದನ್ನು ಅಗಿಯುತ್ತಿದ್ದ. ಕಪ್ ಕೆಳಗಿಟ್ಟು ಉಳಿದದ್ದಕ್ಕೆ ಕೈ ಹಾಕಿದ. ಅವನ ತಂಡವೆಲ್ಲ ಸುತ್ತ ಕೂತು ತಳದ ಶೇಂಗಾವನ್ನೂ ಬಿಡಲಿಲ್ಲ. ಹೊರಡುವಾಗ ಖಾಲಿ ಕಪ್ ನನ್ನ ಹೆಂಡತಿಯ ಕೈಗಿಟ್ಟು, ಇದು ನಿಮ್ಮಲ್ಲೇ ಇರಲಿ, ಮುಂದಿನ ವರ್ಷ ತುಂಬಿಸಿ ಕೊಡಿ ಅಂದ.

ಅವಳು ಕಪ್ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಆಟಗಾರರತ್ತ ತಿರುಗಿದಳು: "ನೀವು ಹನ್ನೊಂದ ಮಂದಿ ಓಡಿದ್ರೂ ಕಪ್ ತರಲಿಲ್ಲ. ನನ್ನ ಅವಲಕ್ಕಿ ತಂತ ನೋಡ್ರಿ."