ಕಂಬದಿಂದ ದೂರದ ಹದ್ದು

ನಮ್ಮ ಯಜಮಾನರು ಮೂರು ದೇಶಗಳ ಅನ್ನ ಉಂಡವರು. ಆದರೆ ಅವರ ನಿಷ್ಠೆಯೆಲ್ಲ ಒಂದು ಹದ್ದಿಗೆ ಮೀಸಲು! ಕೈಹಿಡಿದವಳಿಗೆ ಎರಡನೆಯ ಸ್ಥಾನ. ಐ ಆಮ್ ನಾಟ್ ಜೋಕಿಂಗ್.

ಎಪ್ಪತ್ತರ ದಶಕದಲ್ಲಿ ಹೋದ ಅವರು ಜಾಂಬಿಯಾದ ತಾಮ್ರದ ಗಣಿಯೂರೊಂದರಲ್ಲಿ ಹನ್ನೊಂದು ವರ್ಷ ಜಿಯಾಗ್ರಫಿ ಮೇಷ್ಟರಾಗಿದ್ದರು. ಅತ್ತೆಯ ಕಾಯಿಲೆ, ಮಗಳ ಸ್ಕೂಲು ಎಂದು ನಾನು ಮೈಸೂರಿನಲ್ಲೇ ಉಳಿದೆ. ಅಷ್ಟೂ ವರ್ಷ ಅವರ ಜೊತೆಗಿದ್ದದ್ದು ಆ ದೇಶದ ಬಾವುಟದ ಹದ್ದು.

ಈಗ ನಾವಿಬ್ಬರೂ ಮಗಳ ಮನೆಯಲ್ಲಿ, ಸ್ವೀಡನ್ನಿನ ಲುಲೆಯೊದಲ್ಲಿ. ಇಲ್ಲಿ ಫಿಕಾ ಎಂದು ಯಾರು ಕಾಫಿಗೆ ಕರೆದರೂ ಇವರದು ಅದೇ ಪಾಠ. "ಹಸಿರು ಅಂದ್ರೆ ಕಾಡು, ಬೆಳೆ. ಕೆಂಪು ಸ್ವಾತಂತ್ರ್ಯದ ಹೋರಾಟ. ಕಪ್ಪು ಅಲ್ಲಿನ ಜನ. ಕಿತ್ತಳೆ ಬಣ್ಣ ತಾಮ್ರ. ಹದ್ದು, ಕಷ್ಟಗಳನ್ನ ಮೀರಿ ಏಳೋ ಶಕ್ತಿ!" ಅಷ್ಟರಲ್ಲಿ ಪಾಪ, ಕಾಫಿ ಆರಿ ತಣ್ಣಗಾಗಿರುತ್ತದೆ. "ಮೊರ್‌ಫಾರ್, ಸ್ಲುತಾ!" ಎನ್ನುತ್ತಾಳೆ ಮೊಮ್ಮಗಳು. ತಾತ, ನಿಲ್ಲಿಸು ಎಂದು. ನಿಲ್ಲಿಸುವ ಪೈಕಿಯೇ? ಅಟ್ಲಾಸೊಂದರಲ್ಲಿ ಹದ್ದು ಎಡಗಡೆ ಅಚ್ಚಾಗಿದೆಯೆಂದು ಲೈಬ್ರೇರಿಯನ್ನಮ್ಮನನ್ನು ಮುಕ್ಕಾಲು ಗಂಟೆ ನಿಲ್ಲಿಸಿಕೊಂಡ ಮಹಾನುಭಾವರು! "ನಮ್ಮ ಹದ್ದು ಕಂಬದಿಂದ ದೂರ, ಬಾವುಟ ಪಟಪಟ ಅನ್ನೋ ತುದೀಲಿ ಇರ್ಬೇಕು, ಮೇಡಂ!" ನಮ್ಮ ಹದ್ದಂತೆ!

ಹೋದ ವರ್ಷ ಎದುರಿನ ಕಟ್ಟಡಕ್ಕೆ ಜಾಂಬಿಯಾದ ಸಂಶೋಧಕಿಯೊಬ್ಬಳು ಬಂದಳು. ಮುಗಿಯಿತು!

"ಅಕ್ಟೋಬರ್ ಇಪ್ಪತ್ನಾಲ್ಕು ಅವರ ಸ್ವಾತಂತ್ರ್ಯ ದಿನ. ಅವಳೆದುರಿಗೆ ಬಾವುಟ ಏರಿಸ್ತೀನಿ ಕಣೇ."

"ಇದೇನ್ರೀ ಹೊಸ ಹುಚ್ಚು?"

"ಅಲ್ಲಿ ಸ್ಕೂಲಲ್ಲಿ ಬಾವುಟ ಏರಿಸೋವಾಗ ಹನ್ನೊಂದು ವರ್ಷ ಸಾಲಲ್ಲಿ ನಿಂತೆ. ಪರದೇಶದ ಮೇಷ್ಟ್ರು ಅಂತ ಒಂದ್ಸಲಾನೂ ಹಗ್ಗ ನನ್ನ ಕೈಗೆ ಬರ್ಲಿಲ್ಲ. ಒಂದೇ ಒಂದ್ಸಲ, ಸರಿಯಾಗಿ, ನಾನೇ ಏರಿಸ್ಬೇಕು."

ನಮ್ಮ ಅಂಗಳದಲ್ಲಿ ಧ್ವಜಸ್ತಂಭವಿದೆ. ಹುಟ್ಟುಹಬ್ಬಕ್ಕೂ ಬಾವುಟ ಏರಿಸುವ ಜನ ಈ ಸ್ವೀಡನ್ನಿನವರು! ನಿವಾಸಿಗಳ ಸಂಘದ ಅಧ್ಯಕ್ಷರು, "ನಿಮ್ಮ ಹುಟ್ಟುಹಬ್ಬಕ್ಕಾದರೆ ನಿಮ್ಮಿಷ್ಟದ ಬಾವುಟ ಏರಿಸಿ," ಎಂದರು.

"ಅವತ್ತೇ ನನ್ನ ಹುಟ್ಟುಹಬ್ಬ!"

ಇಲ್ಲಿ ಪರ್ಸೋನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆಯಲ್ಲೇ ಹುಟ್ಟಿದ ದಿನ ಕೂತಿರುತ್ತದೆ. ಅಧ್ಯಕ್ಷರು ಕನ್ನಡಕ ಏರಿಸಿ ಇವರ ಕಾರ್ಡು ನೋಡಿದರು. "ಜೂನ್ ಒಂದು ಎಂದಿದೆಯಲ್ಲ?"

"ಅದು ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದದ್ದು. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಹುಡುಗರು ಜೂನ್ ಒಂದಕ್ಕೇ ಹುಟ್ಟಿದವರು!"

ನಿಜವಾದ ತಾರೀಖು ಹೆತ್ತ ಅತ್ತೆಗೇ ನೆನಪಿರಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಹೀಗೂ ಉಂಟೇ ಎಂದು ದಂಗಾದ ಆ ಸಜ್ಜನರು ಒಪ್ಪಿಬಿಟ್ಟರು.

ಹೊಲಿಯುವವರು ಯಾರು? ಕಾನ್ವೆಂಟಿನಲ್ಲಿ ಎಂಬ್ರಾಯ್ಡರಿಗೆ ಪ್ರೈಜ್ ಪಡೆದ ಈ ಬಡಪಾಯಿ! ಅಂಗಡಿಯಲ್ಲಿ ಏಳು ಬಗೆಯ ಹಸಿರು ನೋಡಿ ಇವರು ಏಳನ್ನೂ ತಿರಸ್ಕರಿಸಿದರು. "ತೊಂಬತ್ತಾರರಲ್ಲಿ ಹಸಿರನ್ನ ತಿಳಿ ಮಾಡಿದಾರೆ ಕಣೇ, ಇದು ಗಾಢ ಆಯ್ತು." ಕೊನೆಗೆ ಪಾಸಾದದ್ದು ನನ್ನ ರೇಷ್ಮೆ ಸೀರೆ! ಚಿತ್ರ ಬರೆದು, ಹದ್ದಿನ ಜಾಗಕ್ಕೆ ಬಾಣದ ಗುರುತು ಹಾಕಿ ಮೂರು ಸಲ ಹೇಳಿದರು: "ಕಂಬದಿಂದ ದೂರ."

"ಆಯ್ತು ಮಾರಾಯ್ರೇ, ನಾನೇನು ಕಿವುಡೀನಾ?"

ಮೂರು ವಾರ ಹೊಲಿದೆ. ಇವರು ಸ್ಕೇಲು ಹಿಡಿದು ಪಟ್ಟಿ ಪಟ್ಟಿ ಅಳೆದರು. ಹಗ್ಗಕ್ಕೆ ಸಿಕ್ಕಿಸುವ ಕುಣಿಕೆಗಳನ್ನು ಮಾತ್ರ ಅವತ್ತು ಬೆಳಿಗ್ಗೆ ಹಾಕಿ, ಮಡಿಸಿ ಕೊಟ್ಟೆ.

ಹೊರಗೆ ಮೈ ಕೊರೆಯುವ ಗಾಳಿ. ಸಂಶೋಧಕಿ, ಅಧ್ಯಕ್ಷರು, ಮಗಳು, ಮೊಮ್ಮಗಳು ಸಾಲಾಗಿ ನಿಂತರು. ಅಧ್ಯಕ್ಷರೇ ಬಾವುಟವನ್ನು ಹಗ್ಗಕ್ಕೆ ಸಿಕ್ಕಿಸಿದರು. ಇವರು ಸೂಟು ಹಾಕಿ, ಗ್ಲೋವ್ಸ್ ಕಳಚಿ, ಬರಿಗೈಯಲ್ಲಿ ಹಗ್ಗ ಎಳೆದರು. ಬಾವುಟ ತುದಿಗೇರಿ ಬಿಚ್ಚಿಕೊಂಡಿತು.

ಹದ್ದು ಕಂಬಕ್ಕೇ ಅಂಟಿಕೊಂಡು ಕೂತಿದೆ! ತೂಕದ ಕಸೂತಿ ಯಾವಾಗಲೂ ಗಟ್ಟಿ ಅಂಚಿಗಿರಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ, ಆ ಅಭ್ಯಾಸದ ಕೈ ಕುಣಿಕೆಗಳನ್ನು ಹದ್ದಿನ ಕಡೆಯ ಅಂಚಿಗೇ ಹೊಲಿದುಬಿಟ್ಟಿತ್ತು.

ಸಂಶೋಧಕಿ ಮೆಲ್ಲಗೆ ಕೇಳಿದಳು. "ಸರ್, ಈಗಲ್ ಆ ಕಡೆ ಇರಬೇಕಲ್ಲವೇ?"

ಇನ್ನು ನನಗೆ ಮಂಗಳಾರತಿ ಎಂದು ತಲೆ ತಗ್ಗಿಸಿದೆ.

ಇವರು ಮೇಲೆ ನೋಡಿದರು. ಆಮೇಲೆ ಸೂಜಿ ಚುಚ್ಚಿ ಒರಟಾದ ನನ್ನ ಬೆರಳುಗಳನ್ನು ನೋಡಿ, ಸಂಶೋಧಕಿಯತ್ತ ತಿರುಗಿದರು.

"ಮೈ ಮಿಸ್ಟೇಕ್, ಮಗಳೇ. ಚಿತ್ರ ನಾನೇ ತಪ್ಪು ಬರೆದುಕೊಟ್ಟೆ. ಇವಳು ನಾನು ಹೇಳಿದಂತೆಯೇ ಹೊಲಿದಿದ್ದಾಳೆ."

ಆಕೆ ನಕ್ಕು, ತನ್ನ ದೇಶದ ಗೀತೆಯನ್ನು ಸಣ್ಣ ದನಿಯಲ್ಲಿ ಹಾಡತೊಡಗಿದಳು. ಇವರು ಹಗ್ಗವನ್ನು ಕಂಬಕ್ಕೆ ಬಿಗಿಯಲಿಲ್ಲ. ಅರ್ಧವನ್ನು ನನ್ನ ಕಡೆ ಚಾಚಿದರು.

"ಗಾಳಿ ಜೋರಿದೆ. ನೀನೂ ಹಿಡ್ಕೋ."